ಗೆದ್ದ ಹಣದಲ್ಲಿ ನಿಮ್ಮದೆಷ್ಟು?

ದಸರೆಯಿಂದ ದೀಪಾವಳಿವರೆಗೆ ಊರೂರಲ್ಲೂ ಲಕ್ಕಿ ಡಿಪ್ ಕೂಪನ್‌ಗಳ ಸುಗ್ಗಿ. ಬಟ್ಟೆ ಅಂಗಡಿಯಲ್ಲಿ ಸ್ಕೂಟರ್, ಚಿನ್ನದಂಗಡಿಯಲ್ಲಿ ಕಾರು, ಟಿವಿಯಲ್ಲಿ ಲಕ್ಷಗಳು, ಕಚೇರಿಯಲ್ಲಿ ಗಿಫ್ಟ್ ಕಾರ್ಡು. ಗೆದ್ದವರ ಫೋಟೊ ಪತ್ರಿಕೆಯಲ್ಲಿ ಬರುತ್ತದೆ. ಮರುದಿನದಿಂದ ಅವರು ಏನೇನು ಕಟ್ಟಬೇಕಾಯಿತು ಎಂಬುದು ಎಲ್ಲೂ ಬರುವುದಿಲ್ಲ. ಬಹುಮಾನದ ಮೇಲಿನ ತೆರಿಗೆ ನಮ್ಮಲ್ಲಿ ಬಹಳ ಬಿಗಿ; ಸಂಬಳದಾರನಿಗೆ ಸಿಗುವ ರಿಯಾಯಿತಿಗಳಲ್ಲಿ ಹೆಚ್ಚಿನವು ಗೆದ್ದವನಿಗೆ ಸಿಗುವುದಿಲ್ಲ. ಗೆಲ್ಲುವ ಮೊದಲೇ ಇದು ತಿಳಿದಿದ್ದರೆ ಗೆಲುವು ಭಾರವಾಗುವುದಿಲ್ಲ.

ಇನ್ನೊಂದು ಮಾತು. 2026ರ ಏಪ್ರಿಲ್ 1ರಿಂದ 1961ರ ಆದಾಯ ತೆರಿಗೆ ಕಾಯ್ದೆಯ ಜಾಗಕ್ಕೆ 2025ರ ಹೊಸ ಕಾಯ್ದೆ ಬಂದಿದೆ. ಸೆಕ್ಷನ್ ಸಂಖ್ಯೆಗಳು ಬದಲಾಗಿವೆ, ಬಹುಮಾನದ ಮೇಲಿನ ದರ ಬದಲಾಗಿಲ್ಲ. ಆದ್ದರಿಂದ ಸಂಖ್ಯೆ ಬಿಟ್ಟು ವಿಷಯ ಹಿಡಿಯೋಣ.

1. ಘೋಷಿಸಿದ ಮೊತ್ತ ಬಿಡಿ, ಕೈಗೆ ಬರುವ ಮೊತ್ತ ಹಿಡಿಯಿರಿ

ಲಾಟರಿ, ಲಕ್ಕಿ ಡಿಪ್, ಪದಬಂಧ, ಕುದುರೆ ರೇಸು, ಇಸ್ಪೀಟು, ಟಿವಿ ಸ್ಪರ್ಧೆ ಯಾವುದೇ ಇರಲಿ, ಗೆಲುವಿನ ಮೇಲೆ ಶೇ 30 ತೆರಿಗೆ. ಆ ತೆರಿಗೆಯ ಮೇಲೆ ಶೇ 4 ಸೆಸ್. ಸೇರಿ ಶೇ 31.2. ಒಂದು ಲಕ್ಷ ಗೆದ್ದರೆ ನಿಮಗೆ ಉಳಿಯುವುದು 68,800 ರೂಪಾಯಿ. ಸ್ಪರ್ಧೆಗೆಂದು ಹುಬ್ಬಳ್ಳಿಯಿಂದ ಮುಂಬೈಗೆ ಹೋಗಿಬಂದ ಖರ್ಚು, ವರ್ಷಗಟ್ಟಲೆ ಕೊಂಡು ಸೋತ ಟಿಕೆಟ್ಟಿನ ಹಣ, ಎಲ್‌ಐಸಿ ಕಂತು, ಪಿಪಿಎಫ್ ಯಾವುದನ್ನೂ ಇದರಿಂದ ಕಳೆಯುವಂತಿಲ್ಲ.

'ಅದೃಷ್ಟದಿಂದ ಬಂದದ್ದಲ್ಲ, ನಾನು ಓದಿ ಗೆದ್ದದ್ದು' ಎಂಬ ವಾದಕ್ಕೂ ಇಲ್ಲಿ ಹೆಚ್ಚು ಬೆಲೆಯಿಲ್ಲ. 2000ದಲ್ಲಿ 'ಕೌನ್ ಬನೇಗಾ ಕರೋಡ್‌ಪತಿ' ಶುರುವಾಯಿತು. 2001ರ ಹಣಕಾಸು ಕಾಯ್ದೆ, ಟಿವಿಯಲ್ಲಿ ಜನ ಪೈಪೋಟಿ ನಡೆಸಿ ಬಹುಮಾನ ಗೆಲ್ಲುವ ಕಾರ್ಯಕ್ರಮಗಳನ್ನೂ ಲಾಟರಿ, ಇಸ್ಪೀಟುಗಳ ಸಾಲಿಗೇ ಸೇರಿಸಿತು. ಪುನೀತ್ ರಾಜ್‌ಕುಮಾರ್ ನಡೆಸಿಕೊಟ್ಟ 'ಕನ್ನಡದ ಕೋಟ್ಯಧಿಪತಿ' 2012ರಲ್ಲಿ ಬರುವ ಹೊತ್ತಿಗೆ ಈ ನಿಯಮಕ್ಕೆ ಹತ್ತು ವರ್ಷ ವಯಸ್ಸಾಗಿತ್ತು.

2. '12 ಲಕ್ಷದವರೆಗೆ ತೆರಿಗೆ ಇಲ್ಲ' ಎಂಬ ಮಾತನ್ನು ಬಹುಮಾನಕ್ಕೆ ಅನ್ವಯಿಸಬೇಡಿ

2025-26ರಿಂದ ಹೊಸ ತೆರಿಗೆ ಪದ್ಧತಿಯಲ್ಲಿ 12 ಲಕ್ಷದವರೆಗಿನ ಆದಾಯಕ್ಕೆ ತೆರಿಗೆ ಬೀಳುವುದಿಲ್ಲ. ಅದು ಸಂಬಳ, ಬಾಡಿಗೆ, ಬಡ್ಡಿಯಂಥ ಸಾಮಾನ್ಯ ಆದಾಯಕ್ಕೆ ಮಾತ್ರ. ವಿಶೇಷ ದರದ ಆದಾಯಕ್ಕೆ ಆ ರಿಬೇಟು ಇಲ್ಲವೆಂದು ಕಾಯ್ದೆಯೇ ಬಿಡಿಸಿ ಹೇಳಿದೆ. ಬಹುಮಾನ ಆ ವಿಶೇಷ ದರದ ಗುಂಪಿನದು.

ಇದರ ಅರ್ಥ ನೋಡಿ. ತೋಟದ ಕೂಲಿಗೆ ಹೋಗುವ, ಬೇರೆ ತೆರಿಗೆಯೇ ಇಲ್ಲದ ಹೆಣ್ಣುಮಗಳೊಬ್ಬಳು ಲಕ್ಕಿ ಡಿಪ್‌ನಲ್ಲಿ 50,000 ಗೆಲ್ಲುತ್ತಾಳೆ. ತಿಂಗಳಿಗೆ ನಾಲ್ಕು ಲಕ್ಷ ಸಂಬಳದ ವ್ಯವಸ್ಥಾಪಕನೂ ಅದೇ ಡಿಪ್‌ನಲ್ಲಿ 50,000 ಗೆಲ್ಲುತ್ತಾನೆ. ಇಬ್ಬರಿಂದಲೂ 15,000 ರೂಪಾಯಿ ಮುರಿಯುತ್ತಾರೆ. ರಿಟರ್ನ್ ಸಲ್ಲಿಸಿದರೂ ಹೊಸ ಪದ್ಧತಿಯಲ್ಲಿ ಆಕೆಗೆ ಅದು ವಾಪಸು ಬರುವುದಿಲ್ಲ. ಜೂಜನ್ನು ತಡೆಯಲು ದರ ಹೆಚ್ಚಿಟ್ಟಿದ್ದರೆ ಅದರಲ್ಲಿ ಅರ್ಥವಿದೆ. ಆದರೆ ಸೀರೆ ಕೊಂಡಾಗ ಕೈಗೆ ಬಂದ ಕೂಪನ್ ಜೂಜಲ್ಲ. ಕಡಿಮೆ ಆದಾಯದವರ ಸಣ್ಣ ಬಹುಮಾನಕ್ಕೆ ಮೂಲ ವಿನಾಯಿತಿಯನ್ನಾದರೂ ಕೊಡಬೇಕು. ಈ ತಾರತಮ್ಯ ಸರಿಯಲ್ಲ ಎಂದೇ ನನ್ನ ಖಚಿತ ನಿಲುವು. ಕಾನೂನು ಬದಲಾಗುವವರೆಗೆ ಲೆಕ್ಕ ಮಾತ್ರ ಹೀಗೆಯೇ.

3. 10,000ದ ಗೆರೆ ಮುರಿತಕ್ಕೆ, ಮಾಫಿಗೆ ಅಲ್ಲ

ಒಂದು ಬಹುಮಾನ 10,000 ರೂಪಾಯಿ ಮೀರಿದರೆ ಕೊಡುವವರು ಮೂಲದಲ್ಲೇ ತೆರಿಗೆಯನ್ನು (ಟಿಡಿಎಸ್) ಮುರಿಯಲೇಬೇಕು. 2025ರ ಏಪ್ರಿಲ್‌ನಿಂದ ಈ ಮಿತಿಯನ್ನು ಒಂದೊಂದು ಬಹುಮಾನಕ್ಕೂ ಪ್ರತ್ಯೇಕವಾಗಿ ನೋಡುತ್ತಾರೆ. 9,000 ಗೆದ್ದರೆ ಮುರಿಯುವುದಿಲ್ಲ, ಸರಿ. ಆದರೆ ಅದು ನಿಮ್ಮ ಆದಾಯವೇ. ರಿಟರ್ನ್‌ನಲ್ಲಿ ತೋರಿಸಿ ತೆರಿಗೆ ಕಟ್ಟುವ ಹೊಣೆ ನಿಮ್ಮ ಮೇಲಿದೆ.

4. ವಸ್ತು ಗೆದ್ದರೆ ಮೊದಲು ನಗದು ಹೊಂದಿಸಿ

ಬಹಳ ಜನ ಎಡವುವುದು ಇಲ್ಲಿ. ಹಣದ ಬಹುಮಾನದಲ್ಲಿ ತೆರಿಗೆ ಒಳಗೇ ಮುರಿದುಹೋಗುತ್ತದೆ. ಸ್ಕೂಟರಿನಿಂದ ಮುರಿಯುವುದು ಹೇಗೆ? ಆದ್ದರಿಂದ ತೆರಿಗೆ ಕಟ್ಟಿರುವುದನ್ನು ಖಚಿತಪಡಿಸಿಕೊಂಡ ಮೇಲೆಯೇ ಸಂಘಟಕರು ವಸ್ತು ಕೈಗೊಪ್ಪಿಸಬೇಕು ಎನ್ನುತ್ತದೆ ಕಾನೂನು. 1,20,000 ರೂಪಾಯಿಯ ಸ್ಕೂಟರ್ ಗೆದ್ದರೆ ಬೀಗದ ಕೈ ಸಿಗುವ ಮೊದಲು 36,000 ಕಟ್ಟಬೇಕು. ಹತ್ತು ಲಕ್ಷದ ಕಾರಾದರೆ ಮೂರು ಲಕ್ಷ. ಇದಲ್ಲದೆ ರಿಜಿಸ್ಟ್ರೇಷನ್, ರೋಡ್ ಟ್ಯಾಕ್ಸ್, ವಿಮೆ.

ಆದ್ದರಿಂದ ಕೂಪನ್ ತುಂಬುವಾಗಲೇ ಮೂರು ಪ್ರಶ್ನೆ ಕೇಳಿ. ಟಿಡಿಎಸ್ ಯಾರು ಕಟ್ಟುತ್ತಾರೆ? ಬೆಲೆ ಎಷ್ಟೆಂದು ಹಿಡಿದಿದ್ದಾರೆ, ಬಿಲ್ಲು ಕೊಡುತ್ತಾರೆಯೇ? ವಸ್ತುವಿನ ಬದಲು ಹಣ ಪಡೆಯಬಹುದೇ? ಸಂಘಟಕರೇ ತೆರಿಗೆ ಕಟ್ಟಿದರೆ ಒಳ್ಳೆಯದೇ, ಆದರೆ ಅವರು ನಿಮ್ಮ ಪರವಾಗಿ ಕಟ್ಟಿದ ಆ ಮೊತ್ತವೂ ನಿಮ್ಮ ಗೆಲುವಿಗೆ ಸೇರುತ್ತದೆ ಎಂಬುದನ್ನು ಆಡಿಟರ್ ಬಳಿ ಹೇಳಿ ಲೆಕ್ಕ ಮಾಡಿಸಿ.

ಈ ಸಂಕಟ ನಮ್ಮ ದೇಶದ್ದಷ್ಟೇ ಅಲ್ಲ. 2004ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಓಪ್ರಾ ವಿನ್‌ಫ್ರೀ ತಮ್ಮ ಟಿವಿ ಕಾರ್ಯಕ್ರಮದ 276 ಪ್ರೇಕ್ಷಕರಿಗೆ ಪಾಂಟಿಯಾಕ್ ಜಿ6 ಕಾರು ಕೊಟ್ಟರು. ಆ ಕಾರಿನ ಬೆಲೆ ಅವರ ಆದಾಯಕ್ಕೆ ಸೇರಿ ಸಾವಿರಾರು ಡಾಲರ್ ತೆರಿಗೆ ಬಿತ್ತು. ಅವರ ಮುಂದಿದ್ದ ದಾರಿ ಮೂರೇ: ಕಟ್ಟುವುದು, ಕಾರು ಮಾರಿ ಕಟ್ಟುವುದು, ಇಲ್ಲವೇ ಕಾರು ಬಿಡುವುದು. ನಮ್ಮಲ್ಲೂ ಬೇಡ ಎನ್ನುವ ಹಕ್ಕು ನಿಮಗಿದೆ. ಕೈಗೆ ತೆಗೆದುಕೊಳ್ಳುವ ಮೊದಲೇ ಬರಹದಲ್ಲಿ ಹೇಳಿ. ಸಾಲ ಮಾಡಿ ತೆರಿಗೆ ಕಟ್ಟಿ, ಬೇಡದ ಕಾರನ್ನು ಮನೆ ಮುಂದೆ ನಿಲ್ಲಿಸಿಕೊಳ್ಳಬೇಡಿ.

5. ಟಿಡಿಎಸ್ ಕಟ್ ಆಯಿತೆಂದು ಕೈಬಿಡಬೇಡಿ

ಟಿಡಿಎಸ್ ಶೇ 30 ಮಾತ್ರ. ಸೆಸ್ ಅದರಲ್ಲಿ ಸೇರಿಲ್ಲ. ಒಟ್ಟು ಆದಾಯ 50 ಲಕ್ಷ ದಾಟಿದರೆ ಬೀಳುವ ಸರ್ಚಾರ್ಜೂ ಸೇರಿಲ್ಲ. ಅವೆರಡನ್ನೂ ಗೆದ್ದವರೇ ಕಟ್ಟಬೇಕು.

ದೊಡ್ಡ ಉದಾಹರಣೆ ನಮ್ಮ ಪಕ್ಕದಲ್ಲೇ ಇದೆ. ಕೇರಳದ ತಿರುವೋಣಂ ಬಂಪರ್‌ನ ಮೊದಲ ಬಹುಮಾನ 25 ಕೋಟಿ; 2024ರಲ್ಲಿ ಅದು ಮಂಡ್ಯ ಜಿಲ್ಲೆಗೆ ಬಂತು. ಅಂಥ ಬಹುಮಾನದ ಲೆಕ್ಕ ಹಾಕೋಣ. ಮೊದಲು ಏಜೆಂಟರ ಶೇ 10, ಅಂದರೆ ಎರಡೂವರೆ ಕೋಟಿ ಹೋಗುತ್ತದೆ. ಉಳಿದ 22.5 ಕೋಟಿಗೆ ಶೇ 30ರಂತೆ 6.75 ಕೋಟಿ ಟಿಡಿಎಸ್. ಬ್ಯಾಂಕಿಗೆ ಬರುವುದು 15.75 ಕೋಟಿ. ಇದೆಲ್ಲ ನನ್ನದೇ ಎಂದು ನಿವೇಶನ, ಮನೆಗೆ ಕೈಹಾಕಿದರೆ ಅಲ್ಲಿಗೆ ಕೆಟ್ಟಿತು. ಹೊಸ ಪದ್ಧತಿಯಲ್ಲಿ ತೆರಿಗೆಯ ಮೇಲೆ ಶೇ 25 ಸರ್ಚಾರ್ಜ್, ಅದರ ಮೇಲೆ ಸೆಸ್ ಸೇರಿ ಇನ್ನೂ 2.025 ಕೋಟಿ ಬಾಕಿ. ನಿಜವಾಗಿ ಉಳಿಯುವುದು 13.725 ಕೋಟಿ.

ಬಾಕಿ ತೆರಿಗೆ 10,000 ಅಥವಾ ಹೆಚ್ಚಿದ್ದರೆ ಮುಂಗಡ ತೆರಿಗೆ ಕಟ್ಟಬೇಕು. ಬಹುಮಾನ ಯಾವಾಗ ಬರುತ್ತದೆಂದು ಮೊದಲೇ ಗೊತ್ತಿರುವುದಿಲ್ಲ ಎಂಬುದು ಕಾನೂನಿಗೂ ಗೊತ್ತು. ಗೆದ್ದ ನಂತರ ಬರುವ ಕಂತುಗಳಲ್ಲಿ, ಕಂತುಗಳು ಮುಗಿದಿದ್ದರೆ ಮಾರ್ಚ್ 31ರೊಳಗೆ ಕಟ್ಟಿದರೆ ಕಂತು ತಪ್ಪಿದ ಬಡ್ಡಿ ಬೀಳುವುದಿಲ್ಲ.

6. ಪ್ಯಾನ್ ಕೊಡಿ, ಸರ್ಟಿಫಿಕೇಟ್ ಕೇಳಿ, ಸರಿಯಾದ ಫಾರ್ಮ್ ತುಂಬಿ

ಪ್ಯಾನ್ ಕೊಡದಿದ್ದರೆ ಮುರಿದ ಹಣ ನಿಮ್ಮ ಹೆಸರಿಗೆ ಜಮೆಯಾಗುವುದಿಲ್ಲ. ಟಿಡಿಎಸ್ ಸರ್ಟಿಫಿಕೇಟ್ ಪಡೆಯಿರಿ, ಇಲಾಖೆಯ ಪೋರ್ಟಲ್‌ನಲ್ಲಿ ನಿಮ್ಮ ವಾರ್ಷಿಕ ಮಾಹಿತಿಯಲ್ಲಿ ಅದು ಕಾಣುತ್ತದೆಯೇ ನೋಡಿ. ಬಹುಮಾನ ಬಂದ ವರ್ಷ ಸರಳವಾದ ಐಟಿಆರ್-1 ನಡೆಯುವುದಿಲ್ಲ. ಸಂಬಳದವರಾದರೆ ಐಟಿಆರ್-2 ಬೇಕು.

7. ನಾಲ್ವರು ಸೇರಿ ಟಿಕೆಟ್ ಕೊಂಡರೆ ಅಂದೇ ಬರೆದಿಡಿ

ಗೆಳೆಯರು ಹಣ ಹಾಕಿ ಒಬ್ಬನ ಹೆಸರಲ್ಲಿ ಟಿಕೆಟ್ ಇಟ್ಟುಕೊಳ್ಳುವುದುಂಟು. ಗೆದ್ದ ಮೇಲೆ ಬರೆದುಕೊಂಡರೆ ಯಾರೂ ನಂಬುವುದಿಲ್ಲ. ಪೂರ್ತಿ ಬಹುಮಾನ ಆ ಒಬ್ಬನದೆಂದೇ ತೆರಿಗೆ ಬೀಳುತ್ತದೆ. ಆತ ಪ್ರಾಮಾಣಿಕವಾಗಿ ಪಾಲು ಹಂಚಿದರೆ, ಗೆಳೆಯರ ಕೈಯಲ್ಲಿ ಅದು 50,000 ಮೀರಿದ ಉಡುಗೊರೆಯಾಗಿ ಮತ್ತೊಮ್ಮೆ ತೆರಿಗೆಗೆ ಸಿಕ್ಕುತ್ತದೆ. ಒಂದೇ ಹಣಕ್ಕೆ ಎರಡು ಸಲ. ಟಿಕೆಟ್ಟಿನ ಸಂಖ್ಯೆ, ಯಾರು ಎಷ್ಟು ಹಾಕಿದರು, ಯಾರ ಪಾಲು ಎಷ್ಟು ಎಂಬುದನ್ನು ಡ್ರಾಗೆ ಮೊದಲೇ ಬರೆದು ಎಲ್ಲರೂ ಸಹಿ ಮಾಡಿ. ಪಾಲಿನ ಹಣವನ್ನು ಯುಪಿಐಯಲ್ಲಿ ಕಳಿಸಿದ್ದರೆ ಅದೂ ದಾಖಲೆಯೇ. ಸ್ನೇಹ ಉಳಿಯುವುದಕ್ಕೂ ಈ ಕಾಗದ ಬೇಕು.

8. ಮಗು ಗೆದ್ದರೆ: ಪ್ರತಿಭೆಯೇ, ಅದೃಷ್ಟವೇ ನೋಡಿ

ಹದಿನೆಂಟು ತುಂಬದ ಮಗುವಿನ ಆದಾಯ ಸಾಮಾನ್ಯವಾಗಿ ಅಪ್ಪ ಅಮ್ಮಂದಿರಲ್ಲಿ ಹೆಚ್ಚು ಆದಾಯ ಇರುವವರ ಲೆಕ್ಕಕ್ಕೆ ಸೇರುತ್ತದೆ. ಲಕ್ಕಿ ಡಿಪ್ ಬಹುಮಾನ ಹೀಗೆ ಸೇರುವಂಥದ್ದು. ಹಾಡಿ, ಕುಣಿದು, ಕ್ವಿಜ್‌ನಲ್ಲಿ ಉತ್ತರಿಸಿ ಮಗು ತನ್ನ ಪ್ರತಿಭೆಯಿಂದ ಗಳಿಸಿದ್ದು ಮಗುವಿನದೇ. ಅದಕ್ಕೆ ಮಗುವಿನ ಹೆಸರಲ್ಲೇ ಪ್ಯಾನ್, ಬ್ಯಾಂಕ್ ಖಾತೆ, ರಿಟರ್ನ್ ಬೇಕು. ಆ ಹಣ ಮಗುವಿನ ಖಾತೆಯಲ್ಲೇ ಇರಲಿ.

9. ತೆರಿಗೆ ಇಲ್ಲದ ಬಹುಮಾನಗಳೂ ಇವೆ, ಗುರುತಿಸಿ

ಓದಿನ ಖರ್ಚಿಗೆಂದು ಕೊಡುವ ವಿದ್ಯಾರ್ಥಿವೇತನಕ್ಕೆ ತೆರಿಗೆ ಇಲ್ಲ. ಕೇಂದ್ರ ಅಥವಾ ರಾಜ್ಯ ಸರ್ಕಾರ ಸ್ಥಾಪಿಸಿದ, ಕೇಂದ್ರ ಸರ್ಕಾರ ಅಂಗೀಕರಿಸಿದ ಪ್ರಶಸ್ತಿಗಳಿಗೂ ಇಲ್ಲ. ಒಲಿಂಪಿಕ್ಸ್, ಕಾಮನ್‌ವೆಲ್ತ್, ಏಷ್ಯನ್ ಕ್ರೀಡಾಕೂಟದ ಪದಕಕ್ಕೆ ಸರ್ಕಾರಗಳು ಕೊಡುವ ನಗದಿಗೆ ಈ ವಿನಾಯಿತಿ ಸಿಕ್ಕಿದೆ. ಊರಿನ ಸಂಘ ನಿಜವಾಗಿಯೂ ಬಡ ವಿದ್ಯಾರ್ಥಿಯ ಫೀಸಿಗೆಂದು ಕೊಡುವುದಾದರೆ ಅದನ್ನು ವಿದ್ಯಾರ್ಥಿವೇತನವಾಗಿಯೇ ಯೋಜಿಸಲಿ: ಅರ್ಜಿ ಕರೆಯಲಿ, ಕಾಲೇಜಿನ ಫೀಸ್ ರಸೀದಿ ಇಟ್ಟುಕೊಳ್ಳಲಿ. ಬರೀ ಹೆಸರು ಬದಲಿಸಿದರೆ ಸಾಲದು.

10. ಉಡುಗೊರೆ ಕೊಟ್ಟವರು ಯಾರು ಎಂಬುದರ ಮೇಲೆ ತೆರಿಗೆ

ಸಂಬಂಧಿಕರಲ್ಲದವರಿಂದ ವರ್ಷದಲ್ಲಿ ಬಂದ ಹಣ ಒಟ್ಟು 50,000 ದಾಟಿದರೆ, ದಾಟಿದ ಭಾಗಕ್ಕಷ್ಟೇ ಅಲ್ಲ, ಪೂರ್ತಿ ಮೊತ್ತಕ್ಕೆ ನಿಮ್ಮ ಸಾಮಾನ್ಯ ದರದಲ್ಲಿ ತೆರಿಗೆ. ಮದುವೆಯ ಮುಯ್ಯಿಗೆ ಇದು ಅನ್ವಯಿಸದು. ಆದರೆ ಆ ವಿನಾಯಿತಿ ಮದುಮಕ್ಕಳಿಗೆ ಮಾತ್ರ, ಅವರ ಅಪ್ಪ ಅಮ್ಮಂದಿರಿಗಿಲ್ಲ. ಗೃಹಪ್ರವೇಶ, ಉಪನಯನ, ಸೀಮಂತ, ಹುಟ್ಟುಹಬ್ಬ ಯಾವುದಕ್ಕೂ ಇಲ್ಲ.

ಸಂಬಂಧಿಕರ ಪಟ್ಟಿಯಲ್ಲಿ ಒಂದು ವಿಚಿತ್ರವಿದೆ. ಸೋದರಮಾವ ಅಳಿಯನಿಗೆ ಎರಡು ಲಕ್ಷ ಕೊಟ್ಟರೆ ತೆರಿಗೆ ಇಲ್ಲ, ಏಕೆಂದರೆ ತಂದೆ ತಾಯಿಯ ಒಡಹುಟ್ಟಿದವರು ಪಟ್ಟಿಯಲ್ಲಿದ್ದಾರೆ. ಅದೇ ಅಳಿಯ ಕೆಲಸಕ್ಕೆ ಸೇರಿ, ಸಾಕಿದ ಮಾವನಿಗೆ ಎರಡು ಲಕ್ಷ ಕೊಟ್ಟರೆ ಮಾವ ತೆರಿಗೆ ಕಟ್ಟಬೇಕು. ಒಡಹುಟ್ಟಿದವರ ಮಕ್ಕಳು ಪಟ್ಟಿಯಲ್ಲಿಲ್ಲ. ಸೋದರಮಾವನ ಮನೆಯಲ್ಲೇ ಬೆಳೆದವರು ನಮ್ಮಲ್ಲಿ ಎಷ್ಟು ಜನ! ಈ ಅಂತರವನ್ನು ಸರ್ಕಾರ ಸರಿಪಡಿಸಬೇಕು. ಅಲ್ಲಿಯವರೆಗೆ ಅಳಿಯ ತನ್ನ ತಾಯಿಗೆ ಕೊಡಲಿ, ತಾಯಿ ಮನಸ್ಸಿದ್ದರೆ ತಮ್ಮ ಸ್ವಂತ ಹಣದಿಂದ ಅಣ್ಣನಿಗೆ ನೆರವಾಗಲಿ ಎನ್ನುವವರಿದ್ದಾರೆ. ತೆರಿಗೆ ತಪ್ಪಿಸಲೆಂದೇ ಹಣವನ್ನು ಸುತ್ತಿಬಳಸಿ ಕಳಿಸಿದಂತೆ ಕಾಣುವ ಇಂಥ ದಾರಿಗೆ ನಾನು ಸಲಹೆ ಕೊಡಲಾರೆ. ಮಾವನ ಆಸ್ಪತ್ರೆ ಬಿಲ್ಲನ್ನು ನೇರ ಆಸ್ಪತ್ರೆಗೆ ಕಟ್ಟುವಂಥ ನೆರವಿದ್ದರೂ ಮೊದಲು ಆಡಿಟರನ್ನು ಕೇಳಿ.

11. ಕಚೇರಿಯ ಕಾರ್ಡು, ಡೀಲರ್ ಟೂರು: ಎರಡೂ ಲೆಕ್ಕಕ್ಕುಂಟು

ಹಬ್ಬಕ್ಕೆ ಕಂಪನಿ ಕೊಡುವ ಗಿಫ್ಟ್ ಕಾರ್ಡು ಸಂಬಳದ ಭಾಗ. 2025-26ರವರೆಗಿನ ನಿಯಮದಲ್ಲಿ ವರ್ಷಕ್ಕೆ ಒಟ್ಟು 5,000 ರೂಪಾಯಿಗಿಂತ ಕಡಿಮೆಯಿದ್ದರೆ ಅದಕ್ಕೆ ತೆರಿಗೆ ಇರಲಿಲ್ಲ. ನಗದು ಕೊಟ್ಟರೆ ಈ ರಿಯಾಯಿತಿ ಇಲ್ಲ. ಈಗಿನ ಮಿತಿ ಎಷ್ಟೆಂದು ಲೆಕ್ಕಪತ್ರ ವಿಭಾಗದಲ್ಲಿ ವಿಚಾರಿಸಿ.

ವ್ಯಾಪಾರಿಗಳಿಗೆ ನಿಯಮ ಬೇರೆ. ಸಿಮೆಂಟ್, ಪೇಂಟ್, ಗೊಬ್ಬರದ ಕಂಪನಿ ಗುರಿ ಮುಟ್ಟಿದ ಡೀಲರಿಗೆ ಚಿನ್ನದ ನಾಣ್ಯ ಕೊಟ್ಟರೆ, ಬ್ಯಾಂಕಾಕ್ ಟೂರಿಗೆ ಕಳಿಸಿದರೆ, ವರ್ಷಕ್ಕೆ 20,000 ಮೀರಿದಾಗ ಶೇ 10 ಟಿಡಿಎಸ್. 2022ರ ಜುಲೈ 1ರಿಂದ ಇದು ಜಾರಿಯಲ್ಲಿದೆ. ವಿಡಿಯೊ ಮಾಡುವ ಯುವಕರಿಗೂ ಅನ್ವಯ: ವಿಮರ್ಶೆಗೆ ಬಂದ ಫೋನನ್ನು ವಾಪಸು ಕೊಟ್ಟರೆ ಚಿಂತೆಯಿಲ್ಲ, ಇಟ್ಟುಕೊಂಡರೆ ಅದು ಆದಾಯ.

12. ಗಿಫ್ಟ್ ಕಾರ್ಡಿನ ದಿನಾಂಕ ಮೊದಲು ನೋಡಿ, ಬೇಗ ಖಾಲಿ ಮಾಡಿ

ಬ್ಯಾಂಕು ಅಥವಾ ವ್ಯಾಲೆಟ್ ಸಂಸ್ಥೆ ಕೊಡುವ, ಹಲವು ಅಂಗಡಿಗಳಲ್ಲಿ ನಡೆಯುವ ಗಿಫ್ಟ್ ಕಾರ್ಡಿಗೆ ರಿಸರ್ವ್ ಬ್ಯಾಂಕಿನ ನಿಯಮಗಳಿವೆ. ಒಂದು ಕಾರ್ಡಿಗೆ ಗರಿಷ್ಠ 10,000 ರೂಪಾಯಿ, ಮತ್ತೆ ಹಣ ತುಂಬುವಂತಿಲ್ಲ, ನಗದಾಗಿ ತೆಗೆಯುವಂತಿಲ್ಲ. ಕನಿಷ್ಠ ಒಂದು ವರ್ಷ ಅವಧಿ ಇರಬೇಕು. ಅವಧಿ ಮುಗಿಯುವ ಮುಂಚಿನ 45 ದಿನಗಳಲ್ಲಿ ಕಾರ್ಡುದಾರರಿಗೆ ಎಚ್ಚರಿಕೆ ಕಳಿಸಬೇಕು. ಕಾರ್ಡಿಗೆ ನಿಮ್ಮ ಮೊಬೈಲ್ ನಂಬರ್ ಜೋಡಿಸಿದ್ದರಷ್ಟೇ ಆ ಎಸ್‌ಎಂಎಸ್ ನಿಮಗೆ ಬರುತ್ತದೆ.

ಒಂದೇ ಅಂಗಡಿ ತನ್ನ ಸರಕಿಗೆ ಮಾತ್ರ ಕೊಡುವ ಕಾರ್ಡು ಈ ನಿಯಮದ ಹೊರಗಿದೆ. ಅದರ ಅವಧಿ ಆರು ತಿಂಗಳೂ ಇರಬಹುದು, ರಿಯಾಯಿತಿ ಮಾರಾಟದಲ್ಲಿ ನಡೆಯದೆಯೂ ಇರಬಹುದು. ಹಿಂಬದಿಯ ಸಣ್ಣಕ್ಷರ ಓದಿ.

ಬಹುಮಾನವಾಗಿ ಬಂದ ಗಿಫ್ಟ್ ಕಾರ್ಡು ವಸ್ತು ಬಹುಮಾನವೇ. 15,000 ರೂಪಾಯಿಯ ಕಾರ್ಡುಗಳು ಒಂದೇ ಬಹುಮಾನವಾಗಿ ಬಂದರೆ 4,500 ನೀವು ಮೊದಲು ಕಟ್ಟಬೇಕಾದೀತು.

13. ಗಿಫ್ಟ್ ಕಾರ್ಡ್ ಕೊಳ್ಳುವಾಗ ಜಿಎಸ್‌ಟಿ ಹಾಕಿದರೆ ಪ್ರಶ್ನಿಸಿ

ಕಾರ್ಡು ಕೊಳ್ಳುವುದಕ್ಕೆ ಜಿಎಸ್‌ಟಿ ಇಲ್ಲ. ಈ ಸ್ಪಷ್ಟತೆ ಬಂದುದರಲ್ಲಿ ಕರ್ನಾಟಕದ ಪಾಲಿದೆ. ಪ್ರೀಮಿಯರ್ ಸೇಲ್ಸ್ ಪ್ರಮೋಷನ್ ಕಂಪನಿಯ ಪ್ರಕರಣದಲ್ಲಿ ಕರ್ನಾಟಕ ಹೈಕೋರ್ಟ್ 2023ರ ಜನವರಿಯಲ್ಲಿ ತೀರ್ಪು ಕೊಟ್ಟು, ಗಿಫ್ಟ್ ಕಾರ್ಡಿನಂಥ ವೋಚರ್‌ಗಳು ಸರಕೂ ಅಲ್ಲ ಸೇವೆಯೂ ಅಲ್ಲ, ಅವುಗಳ ವಿತರಣೆಗೆ ಜಿಎಸ್‌ಟಿ ಬೀಳದು ಎಂದಿತು. 2024ರ ಡಿಸೆಂಬರ್‌ನಲ್ಲಿ ಜೈಸಲ್ಮೇರ್‌ನಲ್ಲಿ ನಡೆದ ಜಿಎಸ್‌ಟಿ ಮಂಡಳಿಯ ಸಭೆಯ ನಂತರ ಕೇಂದ್ರದ ಸುತ್ತೋಲೆಯೂ ಅದನ್ನೇ ಹೇಳಿತು. ತೆರಿಗೆ ಬೀಳುವುದು ಕಾರ್ಡು ಕೊಟ್ಟು ಸರಕು ಕೊಂಡಾಗ, ಆ ಸರಕಿನ ಪೂರ್ತಿ ಬೆಲೆಗೆ. 2,000ದ ಕಾರ್ಡಿಗೆ 2,000 ಮಾತ್ರ ಕೊಡಿ. ಸೇವಾ ಶುಲ್ಕ ಬೇರೆ ಇದ್ದರೆ ಆ ಶುಲ್ಕಕ್ಕಷ್ಟೇ ಜಿಎಸ್‌ಟಿ.

ಅದೇ ಸುತ್ತೋಲೆಯಲ್ಲಿ ಇನ್ನೊಂದು ಮಾತಿದೆ: ಗ್ರಾಹಕ ಬಳಸದೆ ಬಿಟ್ಟ ಕಾರ್ಡಿನ ಹಣಕ್ಕೂ ಜಿಎಸ್‌ಟಿ ಇಲ್ಲ. ಅಂದರೆ ಕಾರ್ಡಿನಲ್ಲಿ ನೀವು ಮರೆತ 180 ರೂಪಾಯಿ ಕಾರ್ಡು ಕೊಟ್ಟ ಸಂಸ್ಥೆಗೆ ಜಿಎಸ್‌ಟಿಯಿಲ್ಲದ ಲಾಭ. ಕೊನೆಯ ರೂಪಾಯಿವರೆಗೂ ಬಳಸಿ. ಉಳಿಕೆಯನ್ನು ಕಾರ್ಡಿನಲ್ಲಿ ಕೊಟ್ಟು ಮಿಕ್ಕದ್ದನ್ನು ಯುಪಿಐಯಲ್ಲಿ ಕೊಡುತ್ತೇನೆಂದು ಕೇಳಿ.

14. 'ತೆರಿಗೆ ಕಟ್ಟಿದರೆ ಬಹುಮಾನ' ಎಂಬ ಕರೆ ಬಂದರೆ ನಿಲ್ಲಿ

ನಿಜವಾದ ವಸ್ತು ಬಹುಮಾನದಲ್ಲೂ ಮೊದಲು ತೆರಿಗೆ ಕಟ್ಟಬೇಕು ಎಂಬುದನ್ನೇ ಮೋಸಗಾರರು ಬಳಸಿಕೊಳ್ಳುತ್ತಾರೆ. ವ್ಯತ್ಯಾಸ ಹೀಗೆ ತಿಳಿಯಿರಿ. ನಿಜವಾದ ಸಂಘಟಕರು ನೀವು ಭಾಗವಹಿಸಿದ ಸ್ಪರ್ಧೆಯವರು. ಪ್ಯಾನ್ ಕೇಳುತ್ತಾರೆ, ಕಂಪನಿಯ ಖಾತೆಗೆ ಹಣ ಪಡೆಯುತ್ತಾರೆ, ರಸೀದಿ ಕೊಡುತ್ತಾರೆ. ವ್ಯಕ್ತಿಯ ಯುಪಿಐಗೆ ಹಣ, ಒಟಿಪಿ, ಇಂದೇ ಸಂಜೆಯೊಳಗೆ ಎಂಬ ಅವಸರ, ಗಿಫ್ಟ್ ಕಾರ್ಡ್ ಕೊಂಡು ಕೋಡ್ ಕಳಿಸಿ ಎಂಬ ಮಾತು, ಇವುಗಳಲ್ಲಿ ಒಂದು ಬಂದರೂ ಅದು ಮೋಸ. ಬಾಸ್‌ನ ಫೋಟೊ ಹಾಕಿದ ವಾಟ್ಸ್ಆ್ಯಪ್‌ನಿಂದ ಕೋಡ್ ಕೇಳಿದರೂ ಅಷ್ಟೇ. ಹಣ ಹೋಗಿದ್ದರೆ ನಾಚಿಕೆ ಬಿಟ್ಟು ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

15. ಹೊರದೇಶದ ಲಾಟರಿಗೆ ಇಲ್ಲಿಂದ ಹಣ ಕಳಿಸಬೇಡಿ

ಕೊಲ್ಲಿ ದೇಶದಲ್ಲಿರುವ ಕರಾವಳಿಯವರು ಅಲ್ಲಿ ಟಿಕೆಟ್ ಕೊಳ್ಳುವುದು ಬೇರೆ. ಇಲ್ಲಿ ವಾಸಿಸುತ್ತ ವಿದೇಶಿ ಲಾಟರಿ ಟಿಕೆಟ್ಟಿಗೆ ಹಣ ರವಾನಿಸುವುದನ್ನು ವಿದೇಶಿ ವಿನಿಮಯ ನಿಯಮಗಳು ನಿಷೇಧಿಸಿವೆ. ಕರ್ನಾಟಕದಲ್ಲಿ ಲಾಟರಿ ಮಾರಾಟ 2007ರಿಂದಲೇ ಇಲ್ಲ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು 2025ರ ಕೇಂದ್ರ ಕಾಯ್ದೆ ನಿಷೇಧಿಸಿತು.

16. ಬಹುಮಾನ ಕೊಡುವವರು ನೀವಾದರೆ

ಗಣೇಶೋತ್ಸವ ಸಮಿತಿ, ಅಪಾರ್ಟ್‌ಮೆಂಟ್ ಸಂಘ, ಅಂಗಡಿ ಮಾಲೀಕರು ಇದನ್ನು ಓದಬೇಕು. ಟಿಕೆಟ್ ಮಾರಿ ಅದೃಷ್ಟ ಚೀಟಿ ಎತ್ತಿದರೆ ಅದು ಲಾಟರಿಯಾಗುತ್ತದೆ, ಮಾಡಬೇಡಿ. ತಿಂಗಳ ಕಂತು ಕಟ್ಟಿಸಿ ಡ್ರಾ ಮಾಡುವ ಸ್ಕೀಮುಗಳನ್ನು 1978ರ ಕಾಯ್ದೆಯೇ ನಿಷೇಧಿಸಿದೆ. ಫಲಿತಾಂಶ ಮುಚ್ಚಿಡುವುದು, ಕೊಡುವ ಮನಸ್ಸಿಲ್ಲದೆ ಬಹುಮಾನ ಘೋಷಿಸುವುದು 2019ರ ಗ್ರಾಹಕ ರಕ್ಷಣಾ ಕಾಯ್ದೆಯ ಪ್ರಕಾರ ಅನುಚಿತ ವ್ಯಾಪಾರ. ಮೋಸಹೋದ ಗ್ರಾಹಕರು 1915 ಸಹಾಯವಾಣಿಗೆ ದೂರಬಹುದು.

ಕೂಪನ್ನಿನಲ್ಲೇ ಬಹುಮಾನದ ಬೆಲೆ, ತೆರಿಗೆ ಎಷ್ಟು, ಅದನ್ನು ಯಾರು ಕಟ್ಟುತ್ತಾರೆ ಎಂಬುದನ್ನು ಕನ್ನಡದಲ್ಲಿ ದೊಡ್ಡಕ್ಷರದಲ್ಲಿ ಅಚ್ಚುಹಾಕಿಸಿ. ಒಂದು ಕಾರಿನ ಬದಲು 10,000 ಮೀರದ ಹತ್ತಾರು ಬಹುಮಾನ ಇಟ್ಟರೆ ಹೆಚ್ಚು ಮನೆಗಳಿಗೆ ಸಂತೋಷ ಮುಟ್ಟುತ್ತದೆ, ಯಾರೂ ಬೀಗದ ಕೈಗಾಗಿ ಸಾಲ ಹುಡುಕಬೇಕಾಗಿಲ್ಲ. ದೊಡ್ಡ ಬಹುಮಾನವೇ ಬೇಕೆಂದರೆ ತೆರಿಗೆ ಮುರಿಯುವವರಿಗೆ ಬೇಕಾದ ಟ್ಯಾನ್ ಸಂಖ್ಯೆ ಮಾಡಿಸಿ, ಮುರಿದ ತೆರಿಗೆಯನ್ನು ಮುಂದಿನ ತಿಂಗಳ 7ರೊಳಗೆ ಕಟ್ಟಿ, ಮಾರ್ಚ್ ತಿಂಗಳದ್ದಾದರೆ ಏಪ್ರಿಲ್ 30ರೊಳಗೆ. ಗೆದ್ದವರ ಮನೆಗೆ ಫೋಟೊ ಕಳಿಸುವಾಗ ಟಿಡಿಎಸ್ ಸರ್ಟಿಫಿಕೇಟನ್ನೂ ಯಾವಾಗ ಕೊಡುತ್ತೀರಿ ಎಂದು ಬರೆದು ತಿಳಿಸಿ.